ಪಂಕ್ತಿಯಲ್ಲಿದ್ದಾನೆ, ಪಟ್ಟಿಯಲ್ಲಿಲ್ಲ

ವನದುರ್ಗದ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಹಳೆಯ ಲ್ಯಾಪ್‌ಟಾಪ್ ತೆರೆದು ಕೂತರೆ, ಲಿನಕ್ಸ್ ಕರ್ನಲ್‌ಗೆ ಒಂದೇ ಪ್ರಶ್ನೆಯನ್ನು ಎರಡು ರೀತಿ ಕೇಳುತ್ತೇನೆ. ಮೊದಲು ‘ಪ್ರಾಕ್’ ಫೋಲ್ಡರ್‌ನಿಂದ ನಡೆಯುತ್ತಿರುವ ಪ್ರೊಸೆಸ್‌ಗಳ ಪಟ್ಟಿ. ಆಮೇಲೆ ಪಟ್ಟಿಯನ್ನು ಬದಿಗಿಟ್ಟು, 1ರಿಂದ ಆ ಯಂತ್ರದ ಗರಿಷ್ಠ ಪ್ರೊಸೆಸ್ ನಂಬರಿನವರೆಗೆ ಒಂದೊಂದೇ ನಂಬರಿನ ಬಾಗಿಲು ತಟ್ಟುವುದು. ಪಟ್ಟಿಯಲ್ಲಿಲ್ಲದ ನಂಬರು ಓಗೊಟ್ಟರೆ ವಿಚಾರಿಸಬೇಕು.

ಕರ್ನಲ್ ಹೊಕ್ಕ ರೂಟ್‌ಕಿಟ್ ಎಂಬ ಕಳ್ಳ ತಂತ್ರಾಂಶ, ಪಟ್ಟಿ ಕೊಡುವ ಸಿಸ್ಟಂ ಕಾಲ್ ಹಿಡಿದು ತನ್ನವರ ಹೆಸರು ಅಳಿಸುತ್ತದೆ. ‘ಪಿಎಸ್’, ‘ಟಾಪ್’ ಎರಡೂ ಆ ಪಟ್ಟಿಯನ್ನೇ ನಂಬುತ್ತವೆ. ಸುರಪುರ ನಾಯಕರ ಕೋಟೆಯಿರುವ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಬಾಗಿಲು ಕಾಯುವವನೇ ಕಳ್ಳನ ಕಡೆ ಸೇರಿದ್ದಾನೆ.

ಮೊದಲ ಸಲ ತಟ್ಟಿದಾಗ ಹತ್ತಾರು ನಂಬರು ಓಗೊಟ್ಟವು. ಎದೆ ಧಸಕ್ಕೆಂದಿತು, ವೈಫೈ ಕಿತ್ತುಹಾಕಿದೆ. ಒಂದರ ‘ಸ್ಟೇಟಸ್’ ಫೈಲ್ ಓದಿದರೆ ಅದರದೇ ನಂಬರು ಪಿಐಡಿ ಒಂದು, ಅದು ಸೇರಿದ ಪ್ರೊಸೆಸ್‌ನ ನಂಬರು ಟಿಜಿಐಡಿ ಇನ್ನೊಂದು. ಅವೆಲ್ಲ ಥ್ರೆಡ್‌ಗಳು! ಲಿನಕ್ಸ್ ಅವನ್ನು ಪಟ್ಟಿಯಲ್ಲಿ ತೋರಿಸುವುದಿಲ್ಲ, ನಂಬರು ಹೇಳಿದರೆ ಒಳಗೆ ಬಿಡುತ್ತದೆ. ಎರಡೂ ನಂಬರು ಒಂದೇ ಆಗಿದ್ದು, ಮತ್ತೊಮ್ಮೆ ತೆಗೆದ ಪಟ್ಟಿಯಲ್ಲೂ ಕಾಣದಿದ್ದರೆ ಮಾತ್ರ ಈಗ ನನಗೆ ಅನುಮಾನ. ಅವತ್ತಿನ ಆ ಗಾಬರಿ ಕಲಿಸಿದಷ್ಟನ್ನು ಯಾವ ಪುಸ್ತಕವೂ ನನಗೆ ಕಲಿಸಿಲ್ಲ.

ಸಹಜ ಯಾವುದೆಂಬ ಈ ಪಾಠವನ್ನು ಯಂತ್ರಕ್ಕೇ ಕಲಿಸಿದವರಿದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ವಿನೋದ್ ಗಣಪತಿ ಅಮೆರಿಕದ ರಟ್ಗರ್ಸ್‌ನಲ್ಲಿದ್ದಾಗ, ಆರತಿ ಬಾಳಿಗಾ ಮತ್ತು ಲಿವಿಯು ಇಫ್ಟೋಡೆ ಜೊತೆ 2008ರಲ್ಲಿ ಪ್ರಕಟಿಸಿದ ‘ಜಿಬ್ರಾಲ್ಟರ್’ ಎಂಬ ರೂಟ್‌ಕಿಟ್ ಪತ್ತೆ ವ್ಯವಸ್ಥೆ ನನಗೆ ಬಹಳ ಅಚ್ಚುಮೆಚ್ಚು. ಅದು ಕರ್ನಲ್‌ನ ಮಾತನ್ನೇ ಕೇಳುವುದಿಲ್ಲ. ಪಿಸಿಐ ಕಾರ್ಡ್ ಮೂಲಕ ಇನ್ನೊಂದು ಕಂಪ್ಯೂಟರಿನಿಂದ ಮೆಮೊರಿಯನ್ನು ನೇರ ಓದುತ್ತದೆ. ಆರೋಗ್ಯವಾಗಿರುವ ಕರ್ನಲ್‌ನಲ್ಲಿ ಯಾವ ನಿಯಮ ಸದಾ ನಿಲ್ಲುತ್ತದೆಂದು ಕಲಿತು, ಅದು ಮುರಿದಾಗ ಕೂಗುತ್ತದೆ. ಅಂಥ ಒಂದು ನಿಯಮ: ಸಿಪಿಯು ಸರದಿಯಲ್ಲಿ ನಿಂತ ಪ್ರತಿ ಪ್ರೊಸೆಸ್‌ನ ಹೆಸರು ಕರ್ನಲ್ ತನ್ನೊಳಗೆ ಇಟ್ಟುಕೊಂಡ ಒಟ್ಟು ಪಟ್ಟಿಯಲ್ಲೂ ಇರಬೇಕು. ದಾಸೋಹದಲ್ಲಿ ಹೆಸರು ಬರೆಸದೆ ಒಳಗೆ ಬರಬಹುದು, ಆದರೆ ಉಣ್ಣಬೇಕಾದರೆ ಪಂಕ್ತಿಯಲ್ಲಿ ಕೂರಲೇಬೇಕು. ಓಡಬೇಕೆನ್ನುವ ಪ್ರೊಸೆಸ್‌ಗೂ ಸರದಿ ತಪ್ಪಿದ್ದಲ್ಲ.

ನನ್ನಲ್ಲಿ ಅಂಥ ಕಾರ್ಡ್ ಇಲ್ಲ. ವರ್ಚುವಲ್ ಮಷೀನೊಂದನ್ನು ನಡುವೆಯೇ ನಿಲ್ಲಿಸಿ, ಅದರ ಮೆಮೊರಿಯ ಪ್ರತಿ ತೆಗೆದು ಮೆಮೊರಿ ಪರೀಕ್ಷಿಸುವ ‘ವೊಲಾಟಿಲಿಟಿ’ ತಂತ್ರಾಂಶಕ್ಕೆ ಕೊಡುತ್ತೇನೆ. ಒಂದು ರಚನೆಯಿಂದ ತೆಗೆದ ಪಟ್ಟಿಯನ್ನು ಇನ್ನೊಂದರ ಪಕ್ಕಕ್ಕಿಟ್ಟು, ಹೆಸರಿನ ಮೇಲೆ ಬೆರಳಿಟ್ಟುಕೊಂಡು ಕೆಳಗಿಳಿಯುತ್ತೇನೆ. ಚಹಾ ಆರಿಹೋಗಿರುತ್ತದೆ.