ಸಿ.ಐ.ಡಿ. 999 ಪರವಾಗಿ ಒಂದು ವಕಾಲತ್ತು

ಹಳೆಯ ಚಿತ್ರಗೀತೆಗಳ ಸಂಜೆ ಎಲ್ಲೇ ನಡೆಯಲಿ, ಜಿ.ಕೆ. ವೆಂಕಟೇಶರ ಸರದಿ ಬಂದಾಗ ನಿರೂಪಕರ ದನಿ ತಂತಾನೇ ತಗ್ಗುತ್ತದೆ. ರಾಗದ ಉಪಾಸಕರು, ಮಾಧುರ್ಯದ ದೊರೆ, ‘ಸಂಧ್ಯಾರಾಗ’ಕ್ಕೆ ಭೀಮಸೇನ ಜೋಶಿಯವರನ್ನೂ ಬಾಲಮುರಳಿಕೃಷ್ಣ ಅವರನ್ನೂ ಹಾಡಿಸಿದವರು. ಇಷ್ಟೆಲ್ಲ ಸರಿ. ಆಮೇಲೆ ಒಂದು ನಗೆ ಬರುತ್ತದೆ, ದೊಡ್ಡವರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ನಗೆ. ಕನ್ನಡದ ಬಾಂಡ್ ಚಿತ್ರಗಳಿಗೂ ಅವರೇ ಸಂಗೀತ ಕೊಟ್ಟರು ನೋಡಿ, ಕಾಲದ ಬೇಡಿಕೆ, ನಿರ್ಮಾಪಕರ ಒತ್ತಾಯ, ಏನು ಮಾಡುವುದು! ಸಭಿಕರೂ ನಗುತ್ತಾರೆ. ‘ಆಡಿಸಿ ನೋಡು’ ಶುರುವಾಗುತ್ತದೆ.

ಈ ಕ್ಷಮಾದಾನ ವೆಂಕಟೇಶರಿಗೆ ಬೇಕಿರಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಅವರ ರಾಗಪ್ರಧಾನ ಹಾಡುಗಳಲ್ಲಿ ಅರ್ಧಕ್ಕರ್ಧ ಕಳೆದುಹೋದರೂ ತಡೆದುಕೊಂಡೇನು, ಸಿ.ಐ.ಡಿ. 999ರ ಹಾಡುಗಳು ಕಳೆದುಹೋದರೆ ಆಗದು. ಇದು ಪಕ್ಷಪಾತ ಎನ್ನುವಿರಾದರೆ, ಹೌದು.

ಲೆಕ್ಕ ಮೊದಲು ಚೊಕ್ಕ ಮಾಡಿಕೊಳ್ಳೋಣ. ನಿರ್ದೇಶಕ ಜೋಡಿ ದೊರೈ–ಭಗವಾನರ ‘ಜೇಡರ ಬಲೆ’ ಬಂದದ್ದು 1968ರಲ್ಲಿ. ಬೆನ್ನಿಗೇ ‘ಗೋವಾದಲ್ಲಿ ಸಿ.ಐ.ಡಿ. 999’, ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’. ನಡುವೆ ಬಹಳ ವರ್ಷ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ನಾಲ್ಕರಲ್ಲೂ ಗೂಢಚಾರ 999 ಆಗಿ ರಾಜಕುಮಾರ್, ನಾಲ್ಕಕ್ಕೂ ಸಂಗೀತ ವೆಂಕಟೇಶ್. ತಿಳಿದವರೆನಿಸಿಕೊಂಡವರು ಇಲ್ಲೊಂದು ತಕರಾರು ತೆಗೆಯುತ್ತಾರೆ: ಆ ಗಿಟಾರು, ಆ ಬೀಟು ಎಲ್ಲ ಸಹಾಯಕರಾಗಿದ್ದ ಇಳಯರಾಜಾ ಅವರದು, ಗುರುಗಳದ್ದೇನಿದ್ದರೂ ರಾಗ ಅಂತ. ಶಿಷ್ಯನ ಮೇಲಿನ ಭಕ್ತಿಗೆ ಗುರುವಿನ ಆಸ್ತಿಯನ್ನು ಬರೆದುಕೊಡುವ ಈ ಉದಾರತೆಗೆ ತಾರೀಖುಗಳೇ ಅಡ್ಡ ಬರುತ್ತವೆ. ರಾಜಾ ಪಣ್ಣೈಪುರದಿಂದ ಮದ್ರಾಸಿಗೆ ಬಂದಿಳಿದದ್ದೇ 1968ರ ಹೊತ್ತಿಗೆ, ವೆಂಕಟೇಶರ ಬಳಿ ಸೇರಿದ್ದು ಅದಾದ ಮೇಲೆ. 1976ರ ‘ಅನ್ನಕ್ಕಿಳಿ’ಯ ನಂತರ ಅವರು ಸ್ವತಂತ್ರರು. ಅಂದರೆ ಮೊದಲನೆಯ ಬಾಂಡ್ ಚಿತ್ರ ಅವರು ಸೇರುವ ಮೊದಲಿನದು, ಕೊನೆಯದು ಅವರು ಹೋದ ಮೇಲಿನದು. ವೆಂಕಟೇಶರ ಮನೆಯ ಬೀಟನ್ನು ರಾಜಾ ಹೊತ್ತೊಯ್ದರು ಎಂದರೆ ಒಪ್ಪುತ್ತೇನೆ. ಹೊತ್ತು ತಂದರು ಎನ್ನುವುದನ್ನು ಒಪ್ಪಲಾರೆ.

ಈಗ ಎರಡು ವರ್ಷಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1977ರಲ್ಲಿ ‘ಸನಾದಿ ಅಪ್ಪಣ್ಣ’, ರಾಜಕುಮಾರರ ಕೈಯಲ್ಲಿ ಶಹನಾಯಿ, ಅದರ ಹಿಂದೆ ಬಿಸ್ಮಿಲ್ಲಾ ಖಾನರ ಉಸಿರು. 1978ರಲ್ಲಿ ‘ಡೈಮಂಡ್ ರಾಕೆಟ್’, ಅದೇ ರಾಜಕುಮಾರ್ ಇಂಗ್ಲಿಷಿನಲ್ಲಿ ‘ಇಫ್ ಯು ಕಮ್ ಟುಡೇ’ ಹಾಡುತ್ತಾರೆ. ಮೊದಲನೆಯದಕ್ಕೆ ನಾವು ಕೈಮುಗಿದೆವು, ಎರಡನೆಯದನ್ನು ಮೊಬೈಲಿನಿಂದ ಮೊಬೈಲಿಗೆ ದಾಟಿಸಿ ನಕ್ಕೆವು. ಒಂದೇ ಮನುಷ್ಯ, ಒಂದೇ ಮದ್ರಾಸು, ಹೆಚ್ಚುಕಡಿಮೆ ಒಂದೇ ಕಾಲ. ಖಾನ್ ಸಾಹೇಬರ ಎದುರು ಕೂತು ಸ್ವರ ಹೇಳಬಲ್ಲ ಮನುಷ್ಯ ಮರುವರ್ಷ ಅಪ್ಪಿತಪ್ಪಿ ಕಸ ಮಾಡಿದ ಎಂದು ನಂಬುವುದಕ್ಕೆ ಬಹಳ ಸೋಮಾರಿತನ ಬೇಕು.

ನಗುವವರು ಉಚ್ಚಾರಣೆಗೆ ನಗುತ್ತಾರೆ. ಹಾಡನ್ನು ಒಮ್ಮೆ ಕಣ್ಣುಮುಚ್ಚಿ ಕೇಳಲಿ. ಗುಬ್ಬಿ ಕಂಪನಿಯ ಅಟ್ಟದ ಮೇಲೆ ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟಿಸುವುದನ್ನು ಕಲಿತ ಗಂಟಲು ಇಲ್ಲಿ ಏನನ್ನೂ ಮುಟ್ಟಿಸಲು ಹೊರಟಿಲ್ಲ. ಪದವನ್ನು ಹಿಂದಕ್ಕೆ ಎಳೆಯುತ್ತದೆ, ತಾಳ ಒಂದು ಹೆಜ್ಜೆ ಮುಂದೆ ಹೋಗಲಿ ಎಂದು ಬಿಡುತ್ತದೆ, ಗಡಿಯಾರದ ಸದ್ದು ಬರುವ ಕಡೆ ಅಕ್ಷರಗಳನ್ನು ಬಿಡಿಬಿಡಿಯಾಗಿ ಏಟಿನ ಮೇಲೆ ಕೂರಿಸುತ್ತದೆ. ಗಮಕವಿಲ್ಲ, ಸಂಗತಿಯಿಲ್ಲ. ಸ್ವರಕ್ಕೆ ಇರುವ ಮರ್ಯಾದೆಯನ್ನೆಲ್ಲ ಕಾಲಕ್ಕೆ ವರ್ಗಾಯಿಸಲಾಗಿದೆ. ರಾಜಕುಮಾರರ ಗಂಟಲಿನಲ್ಲಿ ಇಂಥದ್ದೊಂದು ಪೋಕರಿ ಲಯ ಇದೆ ಎಂದು ಗುರುತಿಸಿದ್ದು ವೆಂಕಟೇಶ್. ನಾಲ್ಕು ವರ್ಷ ಹಿಂದೆ ‘ಸಂಪತ್ತಿಗೆ ಸವಾಲ್’ನಲ್ಲಿ ಅವರನ್ನು ಎಮ್ಮೆಯ ಮೇಲೆ ಕೂರಿಸಿ ‘ಯಾರೇ ಕೂಗಾಡಲಿ’ ಹಾಡಿಸಿದವರೂ ಅವರೇ. ಆ ಹಾಡಿನ ಜೀವ ಎಲ್ಲಿದೆ? ಧಾಟಿ ನಾಲ್ಕಾರು ಸ್ವರಗಳ ಆಚೆ ಕಾಲಿಡುವುದಿಲ್ಲ. ಎಮ್ಮೆಯ ನಡಿಗೆಯ ಆ ತೂಗಾಟವೇ ಹಾಡು. ಜಾನಪದದ ಸೊಗಡು ಎಂದು ಅದನ್ನು ಹೊಗಳಿ, ಅದೇ ಕೈಚಳಕ ಕೋಟು ತೊಟ್ಟು ಬಂದಾಗ ಮೂಗು ಮುರಿಯುವುದು ಯಾವ ನ್ಯಾಯ?

ಇದನ್ನು ಫಂಕ್ ಎನ್ನಬಹುದೇ? ಶುದ್ಧಿವಾದಿಗಳು ಒಪ್ಪಲಿಕ್ಕಿಲ್ಲ. ಮೊದಲ ಮೂರು ಚಿತ್ರಗಳ ಮೇಲೆ 1962ರ ‘ಡಾಕ್ಟರ್ ನೋ’ದಿಂದ ಶುರುವಾದ ಬಾಂಡ್ ಸಂಗೀತದ ನೆರಳು ಇದೆ, ಕ್ಯಾಬರೆಯ ಘಾಟಿದೆ. ಇರಲಿ. ಅರವತ್ತರ ದಶಕದ ನಡುವಿನಲ್ಲಿ ಫಂಕ್‌ನ ಆದಿಪುರುಷ ಜೇಮ್ಸ್ ಬ್ರೌನ್ ತನ್ನ ತಂಡಕ್ಕೆ ಕಲಿಸಿದ ಪಾಠ ಸರಳ: ಮೊದಲ ಏಟಿಗೆ ಎಲ್ಲರೂ ಬಂದು ಸೇರಬೇಕು, ಉಳಿದ ಜಾಗದಲ್ಲಿ ತಮ್ಮ ತಮ್ಮ ಆಟ. ಗಿಟಾರೂ ಡ್ರಮ್ಮೇ, ಟ್ರಂಪೆಟೂ ಡ್ರಮ್ಮೇ, ಹಾಡುವವನ ಕೆಮ್ಮೂ ಡ್ರಮ್ಮೇ. ಸಮಕ್ಕೆ ಬಂದು ಬೀಳುವ ಸುಖ ತನಿ ಆವರ್ತನ ಕೇಳುವ ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಲಯಕ್ಕೆ ರಾಗ ತಲೆಬಾಗುವ ಕಡೆಯೆಲ್ಲ ನನಗೆ ಫಂಕ್ ಕೇಳಿಸುತ್ತದೆ. ವ್ಯಾಖ್ಯೆ ಸಡಿಲವಾಯಿತು ಎಂದರೆ ಆಗಲಿ, ‘ಮಾಧುರ್ಯ’ ಎಂಬ ಮಾತಿಗೆ ಇಷ್ಟು ವರ್ಷ ಯಾರು ಅಳತೆಪಟ್ಟಿ ಹಿಡಿದಿದ್ದಾರೆ?

ಈ ಹಾಡುಗಳ ಹಿಂದೆ ಯಾರಿದ್ದರು ಎಂಬುದನ್ನು ಕನ್ನಡದ ಬರಹಗಾರರು ಕೇಳಿದ್ದೇ ಕಡಿಮೆ. ಮದ್ರಾಸಿನ ಕೋಡಂಬಾಕ್ಕಂ, ಸಾಲಿಗ್ರಾಮಂ, ವಡಪಳನಿಯ ರೆಕಾರ್ಡಿಂಗ್ ಥಿಯೇಟರುಗಳಲ್ಲಿ ಬೆಳಗಿನ ಕಾಲ್‌ಶೀಟಿಗೆ ಬಂದು, ಎದುರಿನ ನೊಟೇಶನ್ ಓದಿ, ಗಾಯಕರ ಜೊತೆ ಒಂದೇ ಟೇಕಿನಲ್ಲಿ ನುಡಿಸಿ, ಸಂಜೆ ಇನ್ನೊಂದು ಭಾಷೆಯ ಹಾಡಿಗೆ ಹೋಗುತ್ತಿದ್ದವರು. ಮೈಲಾಪುರದಲ್ಲಿ ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತ ಕಲಿತವರು, ಚರ್ಚಿನ ಕಾಯಿರ್‌ನಲ್ಲಿ ಕಿವಿ ತಿದ್ದಿಕೊಂಡವರು, ಆಂಗ್ಲೋ ಇಂಡಿಯನ್ನರು, ಮಲಯಾಳಿಗಳು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿಂದ. ಆ ಶಿಸ್ತಿನಿಂದಲೇ ಆ ಬಿಗಿ ಬಂತು. ಧ್ವನಿಮುದ್ರಿಕೆಯ ಲಕೋಟೆಯ ಮೇಲೆ ಅವರ ಹೆಸರಿಲ್ಲ. ವೆಂಕಟೇಶರೇ ಹೈದರಾಬಾದಿನಲ್ಲಿ ಹುಟ್ಟಿದ ತೆಲುಗು ಮನೆಯವರು, ಅವರ ನೆಚ್ಚಿನ ಗಾಯಕ ಪಿ.ಬಿ. ಶ್ರೀನಿವಾಸ್ ಕಾಕಿನಾಡ ಕಡೆಯವರು. (ಜರಿಪೇಟ ಸುತ್ತಿ, ಜೇಬಿನ ತುಂಬ ಪೆನ್ನು ಸಿಕ್ಕಿಸಿಕೊಂಡು ಕೆಥಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್ ಇನ್‌ನಲ್ಲಿ ಕೂತು ಎಂಟು ಭಾಷೆಯಲ್ಲಿ ಬರೆಯುತ್ತಿದ್ದ ಪಿಬಿಎಸ್ ಬಗ್ಗೆ ಬೇರೆಯೇ ಬರೆಯಬೇಕು.) ಕನ್ನಡದ ಕಿವಿಯನ್ನು ಕಟ್ಟಿದ್ದು ಇಂಥ ಮಿಶ್ರ ಕೂಟ. ಕನ್ನಡ ಚಿತ್ರೋದ್ಯಮ ಮದ್ರಾಸಿನಿಂದ ಬೆಂಗಳೂರಿಗೆ ಬಂದದ್ದನ್ನು ವಿಮೋಚನೆಯ ಕಥೆಯಂತೆ ಹೇಳುವಾಗ ನಾವು ಈ ಸಾಲವನ್ನು ಮನ್ನಾ ಮಾಡಿಕೊಂಡುಬಿಡುತ್ತೇವೆ.

ಆ ಬೀಟಿನ ಮುಂದಿನ ಕಥೆ ಗೊತ್ತಿರುವುದೇ. 1981ರಲ್ಲಿ ಶಂಕರ್‌ನಾಗ್ ‘ಗೀತಾ’ ಮಾಡಿದಾಗ ರಾಜಾ ತಮ್ಮ ತಂಡದೊಂದಿಗೆ ‘ಸಂತೋಷಕ್ಕೆ’ ಕೊಟ್ಟರು, ಎಸ್ಪಿಬಿ ಅದಕ್ಕೆ ಬೆಂಕಿ ಹಚ್ಚಿದರು. ಆಗ ಕುಣಿದ ಕಾಲೇಜು ಹುಡುಗರಿಗೆ ಅದರ ಅಜ್ಜ ‘ಜೇಡರ ಬಲೆ’ಯಲ್ಲಿದ್ದಾನೆಂದು ಯಾರೂ ಹೇಳಲಿಲ್ಲ. 2003ರಲ್ಲಿ ಅಮೆರಿಕದ ಬ್ಲ್ಯಾಕ್ ಐಡ್ ಪೀಸ್ ತಂಡ ರಾಜಾ ಅವರ ‘ಶ್ರೀ ರಾಘವೇಂದ್ರರ್’ ಚಿತ್ರದ ಹಾಡೊಂದರ ತುಣುಕನ್ನು ತನ್ನ ‘ಎಲಿಫಂಕ್’ ಆಲ್ಬಮ್ಮಿಗೆ ಎತ್ತಿಕೊಂಡಿತು. ಆಮೇಲೆ ಮ್ಯಾಂಚೆಸ್ಟರಿನ ಫೈಂಡರ್ಸ್ ಕೀಪರ್ಸ್ ಕಂಪನಿ ಅವರ ಹಳೆಯ ಬೀಟ್ ಹಾಡುಗಳನ್ನು ಎಲ್‌ಪಿಯಾಗಿ ಹೊರತಂದಿತು. ತಕ್ಷಣ ನಮ್ಮವರಿಗೂ ಅದು ಕಲೆಯಾಗಿ ಕಂಡಿತು! ಮೂರ್ ಮಾರ್ಕೆಟ್ಟಿನಲ್ಲಿ, ಅವೆನ್ಯೂ ರಸ್ತೆಯಲ್ಲಿ ಇದೇ ಮುದ್ರಿಕೆಗಳು ಕಾಸಿಗೆ ಬಿದ್ದಿದ್ದಾಗ ಕಾಣದ ಗುಣ ಪೌಂಡಿನ ಬೆಲೆ ಚೀಟಿ ಅಂಟಿಸಿದ ಮೇಲೆ ಕಂಡಿತು.

ಈ ಅಸಡ್ಡೆಯ ಬೇರು ಇನ್ನೂ ಆಳಕ್ಕಿದೆ. ಕನ್ನಡದ ಸುಶಿಕ್ಷಿತ ಕಿವಿ ಭಾವಗೀತೆಯ ಕಿವಿ. ಅದಕ್ಕೆ ಮೊದಲು ಕವಿತೆ ಬೇಕು, ಆಮೇಲೆ ರಾಗ, ಕೊನೆಗೆ ಕೊಸರಿಗೆ ತಬಲ. ಕ್ಯಾಸೆಟ್ ಕಾಲದಲ್ಲಿ ಈ ರುಚಿ ಮಧ್ಯಮವರ್ಗದ ಮನೆಮನೆಯ ಧರ್ಮವಾಯಿತು. ಭಾವಗೀತೆಗಳಿಗೆ ರಾಗ ಕಟ್ಟಿ ಹಾಡಿದ ಮೈಸೂರು ಅನಂತಸ್ವಾಮಿಯವರ ಮೇಲೆ ನನಗೆ ಜಗಳವಿಲ್ಲ. ಅವರ ಅಭಿಮಾನಿಗಳ ತಕ್ಕಡಿಯ ಮೇಲೆ ಇದೆ. ಆ ತಕ್ಕಡಿಯಲ್ಲಿ ತೂಗಿದರೆ ಮೈ ಅಲ್ಲಾಡಿಸುವ ಸಂಗೀತವೆಲ್ಲ ಹಗುರ. ತಮಟೆ ಬೀದಿಯಲ್ಲಿರಲಿ, ಸಭಾಂಗಣಕ್ಕೆ ಬರುವುದಾದರೆ ‘ಜಾನಪದ ವೈಭವ’ದ ಚೀಟಿ ಕಟ್ಟಿಕೊಂಡು ಬರಲಿ, ಹತ್ತು ನಿಮಿಷ ಬಾರಿಸಿ ಶಾಲು ಹೊದ್ದು ಹೋಗಲಿ. ಲಯದ ಬಗೆಗಿನ ಈ ಅನುಮಾನ ಅಷ್ಟು ಮುಗ್ಧವಲ್ಲ. ಯಾರ ಮೈ ಕುಣಿಯಬಹುದು, ಯಾರದು ಕೂತು ತಲೆದೂಗಬೇಕು ಎಂಬ ಹಳೆಯ ಏರ್ಪಾಡಿನ ವಾಸನೆ ಅದರಲ್ಲಿದೆ. ಕ್ಯಾಬರೆ ಹಾಡುಗಳ ಎಲ್.ಆರ್. ಈಶ್ವರಿಯವರಂಥ ಗಾಯಕಿಗೆ ಜಾನಕಿ, ಸುಶೀಲಾ ಅವರ ಸಾಲಿನಲ್ಲಿ ಇವತ್ತಿಗೂ ಕುರ್ಚಿ ಹಾಕದಿರುವುದಕ್ಕೆ ಬೇರೆ ಕಾರಣ ಯಾರಾದರೂ ಕೊಟ್ಟರೆ ಕೇಳುತ್ತೇನೆ. ಮುಂದೆ ಸಂಗೀತ ನಿರ್ದೇಶಕ ಹಂಸಲೇಖರಿಗೆ ಬಿದ್ದ ಬೈಗುಳದ ಮೂಲವೂ ಇಲ್ಲೇ ಇದೆ, ಆದರೆ ಅವರು ಬದುಕಿರುವಾಗಲೇ ಗೆದ್ದವರು, ವಕೀಲರು ಬೇಕಿಲ್ಲ.

ವೆಂಕಟೇಶರು 1993ರಲ್ಲಿ ತೀರಿಕೊಂಡರು. ಹುಟ್ಟಿದ್ದು 1927, ಅಂದರೆ ಶತಮಾನೋತ್ಸವಕ್ಕೆ ಸಮಿತಿಗಳು ಸಿದ್ಧವಾಗುವ ಕಾಲ. ರವೀಂದ್ರ ಕಲಾಕ್ಷೇತ್ರದಲ್ಲೋ ಟೌನ್‌ಹಾಲ್‌ನಲ್ಲೋ ‘ನಗುನಗುತಾ ನಲಿ’ಯಿಂದ ಶುರುವಾಗುವ ಪಟ್ಟಿ ಈಗಲೇ ಕಣ್ಣಿಗೆ ಕಟ್ಟುತ್ತದೆ. ಹಾಡಲಿ, ಬೇಡವೆನ್ನುವವರಾರು? ಆದರೆ ವಾದ್ಯವೃಂದದಲ್ಲಿ ಒಬ್ಬ ಒಳ್ಳೆಯ ಬಾಸ್ ಗಿಟಾರಿನವನಿರಲಿ, ಅವನ ಮೈಕು ಸಾಲಿನ ಕೊನೆಯಲ್ಲಿ ಸತ್ತುಬಿದ್ದಿರದಿರಲಿ. ಕಾರ್ಯಕ್ರಮದ ಮೊದಲರ್ಧದಲ್ಲೇ, ನಿರೂಪಕರ ನಗೆಯಿಲ್ಲದೆ, ‘ಇಫ್ ಯು ಕಮ್ ಟುಡೇ’ ಬರಲಿ. ಅದನ್ನು ಯಾರು ಹಾಡಬೇಕು ಎಂಬ ಜಗಳವನ್ನು ನಾನು ಆಗ ಬೇರೆ ಆಡುತ್ತೇನೆ.