ಧ ಎಂಬುದನ್ನು ಮ ಎಂದು ತಿದ್ದಿದವರಾರು? ಪುಣೆಯ ಪೇಶ್ವೆ ನಾಟಕಗಳನ್ನು ಕುರಿತು

ಮರಾಠಿಯಲ್ಲಿ ‘ಧ’ವನ್ನು ‘ಮ’ ಮಾಡುವುದು ಎಂಬ ಅರ್ಥದ ಒಂದು ನುಡಿಗಟ್ಟು ಉಂಟು. ಬರೆಹದ ಒಂದೇ ಅಕ್ಷರವನ್ನು ತಿದ್ದಿ ಬರೆದವನ ಆಶಯವನ್ನೇ ತಲೆಕೆಳಗು ಮಾಡುವ ಕುಟಿಲ ಕೃತ್ಯಕ್ಕೆ ಪುಣೆಯ ಜನರು ಇಂದಿಗೂ ಬಳಸುವ ಈ ಮಾತಿನ ಹಿಂದೆ ಒಂದು ಕೊಲೆಯ ಕಥೆ ಇದೆ. 1773ನೆಯ ಇಸವಿಯ ಆಗಸ್ಟ್ 30ರಂದು, ಭಾದ್ರಪದದ ಗಣೇಶೋತ್ಸವದ ದಿನಗಳಲ್ಲಿ, ಸಂಬಳದ ಕಾವಲುಭಟರಾದ ಗಾರ್ದಿಗಳು ಪೇಶ್ವೆಯರ ಅರಮನೆಯಾದ ಶನಿವಾರವಾಡೆಯೊಳಗೆ ನುಗ್ಗಿ, ಹದಿನೆಂಟರ ಹರೆಯದ ಪೇಶ್ವೆ ನಾರಾಯಣರಾಯನನ್ನು, ಆತನು ಚಿಕ್ಕಪ್ಪ ರಘುನಾಥರಾಯನನ್ನು ತಬ್ಬಿಕೊಂಡು ‘ಕಾಕಾ, ನನ್ನನ್ನು ಉಳಿಸು’ ಎಂದು ಮೊರೆಯಿಡುತ್ತಿದ್ದಾಗಲೇ ಕಡಿದು ಹಾಕಿದರೆಂಬುದು ಆ ಊರಿನ ಮಕ್ಕಳೂ ಬಲ್ಲ ವೃತ್ತಾಂತ. ಅವನನ್ನು ‘ಧರಾವೇ’, ಎಂದರೆ ಹಿಡಿಯತಕ್ಕದ್ದು, ಎಂದು ರಘುನಾಥರಾಯನು ಬರೆದಿದ್ದ ಆಜ್ಞಾಪತ್ರವನ್ನು ಅವನ ಹೆಂಡತಿ ಆನಂದೀಬಾಯಿ ‘ಮಾರಾವೇ’, ಎಂದರೆ ಕೊಲ್ಲತಕ್ಕದ್ದು, ಎಂದು ತಿದ್ದಿದಳೆಂಬುದು ಅದಕ್ಕೆ ಹೆಣೆದುಕೊಂಡ ಐತಿಹ್ಯ. ಕೊಲೆ ನಡೆದುದು ಚರಿತ್ರೆ. ಆನಂದೀಬಾಯಿಯ ತಿದ್ದುಪಡಿಗೆ ಮಾತ್ರ ಇತಿಹಾಸಕಾರರು ಒಪ್ಪುವಂಥ ಪ್ರಮಾಣವಿಲ್ಲ. ಆದರೂ ನಾಟಕದಲ್ಲಿ, ಚಲನಚಿತ್ರದಲ್ಲಿ, ಕೊನೆಗೆ ದೂರದರ್ಶನದ ಧಾರಾವಾಹಿಯಲ್ಲಿ ಪೇಶ್ವೆಯರ ಮನೆಯನ್ನು ತಲೆಮಾರುಗಳಿಂದ ಚಿತ್ರಿಸುತ್ತ ಬಂದ ಮಹಾರಾಷ್ಟ್ರದ ಕಲ್ಪನೆಯು ಆ ಕೊಲೆಗಿಂತಲೂ ಆ ಅಕ್ಷರಕ್ಕೆ ಹೆಚ್ಚು ಮನಸೋತಿದೆ. ಈ ಪರಂಪರೆಯನ್ನು ತೂಗಿನೋಡಲು ನನಗೆ ತೋರುವ ಒರೆಗಲ್ಲು ಇದೇ: ಅರಮನೆಯೊಳಗೆ ನಡೆದ ಪಾಪದ ಹೊಣೆಯನ್ನು ಕೃತಿಯು ಯಾರ ತಲೆಗೆ ಕಟ್ಟುತ್ತದೆ?

ಈ ಬಗೆಯ ಪ್ರಶ್ನೆ ಪುಣೆಗೆ ಮಾತ್ರ ಸಲ್ಲತಕ್ಕದ್ದಲ್ಲ. 1492ರಲ್ಲಿ ಆರನೆಯ ಅಲೆಕ್ಸಾಂಡರ್ ಎಂಬ ಹೆಸರಿನಿಂದ ಪೋಪ್ ಪದವಿಗೇರಿದ ರೋಡ್ರಿಗೋ ಬೋರ್ಜಿಯಾ, ಅವನ ಮಗ ಚೇಸರೆ, ಮಗಳು ಲುಕ್ರೇಜಿಯಾ, ಇವರ ಕಥೆಯಲ್ಲಿಯೂ ಲಂಚ, ಕೊಲೆ, ಅಧಿಕಾರದಾಹಗಳ ಭಾರವನ್ನೆಲ್ಲ ಲೋಕವು ಬಹುಕಾಲ ಆ ಮಗಳ ವಿಷದ ಉಂಗುರದ ಮೇಲೆಯೇ ಹೊರಿಸಿತು. 1833ರಲ್ಲಿ ವಿಕ್ಟರ್ ಹ್ಯೂಗೊ ಅವರ ನಾಟಕವೂ ಅದೇ ವರ್ಷ ಡೊನಿಜೆಟ್ಟಿಯ ಗೀತನಾಟಕವೂ ಆ ಅಪಕೀರ್ತಿಯನ್ನು ಯೂರೋಪಿನ ರಂಗಮಂದಿರಗಳಲ್ಲೆಲ್ಲ ಹರಡಿದವು. ಗಂಡನು ಊರಿನಲ್ಲಿಲ್ಲದಾಗ ಫೆರಾರಾದ ಆಡಳಿತವನ್ನು ದಕ್ಷತೆಯಿಂದ ನಡೆಸಿ, 1519ರಲ್ಲಿ ಹೆರಿಗೆಯ ಬೇನೆಯಿಂದ ಸತ್ತ ಲುಕ್ರೇಜಿಯಾ ಆ ಕಥೆಗಳಲ್ಲಿ ಎಲ್ಲಿಯೂ ಕಾಣಿಸುವುದಿಲ್ಲ. ರೋಮಿನ ಈ ಮಗಳಿಗೂ ಪುಣೆಯ ಈ ಸೊಸೆಗೂ ಒದಗಿದ ಗತಿ ಬಹುಮಟ್ಟಿಗೆ ಒಂದೇ.

ಮರಾಠಿ ರಂಗಭೂಮಿಯ ಮೊದಲ ಬೀಜವು ನಮ್ಮ ಕಡೆಯಿಂದಲೇ ಹೋದುದೆಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯುವುದುಂಟು. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳದ ಆಟವನ್ನು ನೋಡಿದ ಪ್ರೇರಣೆಯಿಂದ 1843ರಲ್ಲಿ ವಿಷ್ಣುದಾಸ ಭಾವೆಯವರು ಸಾಂಗಲಿಯಲ್ಲಿ ಮೊದಲ ಮರಾಠಿ ನಾಟಕವನ್ನಾಡಿಸಿದರು. ಪುರಾಣದಿಂದ ಚರಿತ್ರೆಗೆ ಹೊರಳಲು ಆ ರಂಗಭೂಮಿಗೆ ಎರಡು ದಶಕಗಳೂ ಬೇಕಾಗಲಿಲ್ಲ. 1861ರಲ್ಲಿ ವಿನಾಯಕ ಜನಾರ್ದನ ಕೀರ್ತನೆಯವರು ಬರೆದ ‘ಥೋರಲೇ ಮಾಧವರಾವ್ ಪೇಶವೆ’ ಎಂಬ ಗದ್ಯನಾಟಕವು, ಪಾಣಿಪತ್ತಿನ ಸೋಲಿನ ಬಳಿಕ ಹದಿನಾರನೆಯ ವಯಸ್ಸಿನಲ್ಲಿ ಪಟ್ಟವೇರಿ, ಕ್ಷಯರೋಗದಿಂದ ಇಪ್ಪತ್ತೇಳರಲ್ಲಿ ಥೇವೂರಿನಲ್ಲಿ ಕಣ್ಮುಚ್ಚಿದ ಮಾಧವರಾಯನನ್ನು ನಾಯಕನನ್ನಾಗಿ ಮಾಡಿಕೊಂಡಿತು. ಪೇಶ್ವೆಯರ ಆಳ್ವಿಕೆ ಅಳಿದು ಆಗ ನಲವತ್ತಮೂರು ವರ್ಷಗಳು ಮಾತ್ರ ಕಳೆದಿದ್ದವು. ಪ್ರೇಕ್ಷಕರಲ್ಲಿ ಆ ಆಳ್ವಿಕೆಯನ್ನು ಕಣ್ಣಾರೆ ಕಂಡ ಮುದುಕರೂ ಇದ್ದಿರಬೇಕು. ಕಳೆದುಕೊಂಡ ಮನೆಯ ದುಃಖವೇ ಈ ಪರಂಪರೆಯ ತಾಯಿಬೇರು.

ಆ ದುಃಖವನ್ನು ಆತ್ಮಪರೀಕ್ಷೆಯ ಮಟ್ಟಕ್ಕೆ ಏರಿಸಿದವರು ಕೃಷ್ಣಾಜಿ ಪ್ರಭಾಕರ ಖಾಡಿಲ್ಕರರು. ಅವರು ‘ಕೇಸರಿ’ಯಲ್ಲಿ ತಿಲಕರ ಬಲಗೈಯಾಗಿದ್ದವರು. ಅವರ ‘ಭಾವೂಬಂದಕೀ’, ಅಂದರೆ ದಾಯಾದಿ ಕಲಹ, 1909ರಲ್ಲಿ ರಂಗಕ್ಕೆ ಬಂದಾಗ ತಿಲಕರು ಮಂಡಾಲೆಯ ಸೆರೆಯಲ್ಲಿದ್ದರು. ಸೂರತ್ತಿನಲ್ಲಿ ಕಾಂಗ್ರೆಸ್ಸು ಎರಡಾಗಿ ಒಡೆದು ಎರಡು ವರ್ಷಗಳಾಗಿದ್ದವು. ಮನೆಯೊಡೆದರೆ ಹೊರಗಿನವನು ಒಳಬರುವನೆಂಬ ಪಾಠವನ್ನು ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ, ಏಕೆಂದರೆ ಕೊಲೆಯ ಬಳಿಕ ಗಾದಿಗಾಗಿ ಇಂಗ್ಲಿಷರ ಬಾಗಿಲಿಗೆ ಹೋದ ರಘುನಾಥರಾಯನು 1775ರ ಸೂರತ್ ಒಪ್ಪಂದಕ್ಕೆ ರುಜು ಹಾಕಿದುದೂ, ಅದರಿಂದ ಹೊತ್ತಿದ ಯುದ್ಧವು 1782ರ ಸಾಲ್ಬಾಯಿ ಒಪ್ಪಂದದವರೆಗೆ ಉರಿದುದೂ ಅವರಿಗೆ ಚೆನ್ನಾಗಿ ತಿಳಿದ ಸಂಗತಿಗಳು. ಆ ನಾಟಕದ ಶಿಖರವು ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆಯ ಪಾತ್ರ. ಕೊಲೆಯ ವಿಚಾರಣೆ ನಡೆಸಿ, ಆಳುತ್ತಿರುವವನನ್ನೇ ಅಪರಾಧಿಯೆಂದು ಮುಖಕ್ಕೆ ಮುಖ ಕೊಟ್ಟು ಸಾರಿ, ಇದಕ್ಕೆ ದೇಹಾಂತವೇ ಪ್ರಾಯಶ್ಚಿತ್ತವೆಂದು ಹೇಳಿ, ಪದವಿಯನ್ನು ತೊರೆದು ಊರುಬಿಟ್ಟ ಆ ಶಾಸ್ತ್ರಿಯು ಚರಿತ್ರೆಯ ವ್ಯಕ್ತಿಯೇ. ಖಡ್ಗವಿಲ್ಲದ ಒಬ್ಬ ವೃದ್ಧ ವಿದ್ವಾಂಸನು ಸಿಂಹಾಸನವನ್ನು ತಲೆತಗ್ಗಿಸುವಂತೆ ಮಾಡುವ ಆ ಸನ್ನಿವೇಶದ ಎದುರಿಗೆ ಭಾರತೀಯ ಐತಿಹಾಸಿಕ ನಾಟಕಗಳಲ್ಲಿ ನಿಲ್ಲಬಲ್ಲವು ಹೆಚ್ಚಿಲ್ಲ.

ಇಷ್ಟಾದರೂ ಖಾಡಿಲ್ಕರರು ಒಂದು ಕಡೆ ಸುಲಭದ ದಾರಿಯನ್ನು ಹಿಡಿದರೆಂದು ಹೇಳಲೇಬೇಕು. ಷೇಕ್ಸ್‌ಪಿಯರನನ್ನು ಮನಸಾರೆ ಓದಿಕೊಂಡಿದ್ದ ಅವರಿಗೆ ಆನಂದೀಬಾಯಿಯಲ್ಲಿ ಮ್ಯಾಕ್‌ಬೆತ್ತನ ಪತ್ನಿ ಕಾಣಿಸಿದಳು. ದುರ್ಬಲನಾದ ಗಂಡ, ಅವನನ್ನು ಕೊಲೆಗೆ ನೂಕುವ ಹೆಂಡತಿ ಎಂಬ ಅಚ್ಚಿನಲ್ಲಿ ಆ ದಂಪತಿಗಳನ್ನು ಎರಕ ಹೊಯ್ದುದರಿಂದ ನಾಟಕಕ್ಕೆ ಕಾವು ಬಂದಿತು, ಸತ್ಯ ಮಾತ್ರ ಕುಗ್ಗಿತು. ಗಾರ್ದಿಗಳು ಬಾಕಿ ಉಳಿದ ಸಂಬಳವನ್ನು ಕೇಳುತ್ತ ಒಳನುಗ್ಗಿದರೆಂದು ಹೇಳುವ ವೃತ್ತಾಂತಗಳುಂಟು. ಸಾಲದಲ್ಲಿ ಮುಳುಗಿದ ಬೊಕ್ಕಸ, ಹಣವಿಲ್ಲದೆ ನಿಷ್ಠೆ ಕಾಣದ ಸೈನ್ಯ, ಅಣ್ಣನ ಮಗನ ಎದುರು ಸೆರೆಯಾಳಾಗಿ ಕುಳಿತ ಹಳೆಯ ಸೇನಾನಿ, ಇವೆಲ್ಲವೂ ಆ ಕೊಲೆಗೆ ಕೈಹಚ್ಚಿದವುಗಳೇ. ಇವುಗಳ ಬದಲಿಗೆ ಒಬ್ಬ ಹೆಣ್ಣಿನ ಲೇಖನಿಯನ್ನು ಮುಂದಿಟ್ಟರೆ, ರಾಮಶಾಸ್ತ್ರಿಯು ಗಂಡನ ಮೇಲೆ ನುಡಿದ ತೀರ್ಪನ್ನು ನಾಟಕವು ಗುಟ್ಟಾಗಿ ಹೆಂಡತಿಯ ಮೇಲೆ ವರ್ಗಾಯಿಸಿದಂತಾಯಿತು.

ಇಲ್ಲಿ ನನಗೆ ನಮ್ಮ ಕನ್ನಡದ ನಾಟಕಕಾರ ಸಂಸರು ನೆನಪಾಗುತ್ತಾರೆ. ಇಮ್ಮಡಿ ರಾಜ ಒಡೆಯರಿಗೆ ವಿಷವಿಕ್ಕಿಸಿದ ದಳವಾಯಿ ವಿಕ್ರಮರಾಯನ ಕಥೆಯನ್ನು ‘ವಿಗಡ ವಿಕ್ರಮರಾಯ’ದಲ್ಲಿ ಬರೆದ ಅವರು, ಪಾಪವನ್ನು ಅಂತಃಪುರದ ಕಡೆಗೆ ಜಾರಲು ಬಿಡಲಿಲ್ಲ, ದೊರೆಯನ್ನು ಗೊಂಬೆಯಾಗಿಸಿಕೊಂಡು ತಾನೇ ರಾಜ್ಯವಾಳಬಯಸುವ ಪದವಿಯ ಉಬ್ಬಸವನ್ನು ಆ ಪದವಿಯಲ್ಲಿದ್ದವನ ಬಾಯಿಂದಲೇ ಹೊರಡಿಸಿದರು. ಸಂಸರಿಗೆ ಪುಣೆಯವರಿಗೆ ಸಿಕ್ಕಿದಂತಹ ನಾಟಕಮಂಡಳಿ ಸಿಕ್ಕಲಿಲ್ಲ, ಅಂತಹ ಪ್ರೇಕ್ಷಕವರ್ಗವೂ ಸಿಕ್ಕಲಿಲ್ಲ. ಮೈಸೂರಿನ ಅರಮನೆಯ ಒಳಗನ್ನು ಬಲ್ಲ ಅಷ್ಟು ದೊಡ್ಡ ಪ್ರತಿಭೆ 1939ರಲ್ಲಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡಿತೆಂಬುದನ್ನು ನೆನೆದರೆ ಮನಸ್ಸು ಕಲಕುತ್ತದೆ.

ಪುಣೆಯ ಪರಂಪರೆ ತನ್ನನ್ನು ತಾನೇ ಒಡೆದು ನೋಡಿಕೊಂಡುದು 1972ರ ಡಿಸೆಂಬರ್ 16ರಂದು, ಭರತ ನಾಟ್ಯ ಮಂದಿರದ ರಂಗದ ಮೇಲೆ. ವಿಜಯ ತೆಂಡೂಲ್ಕರರ ‘ಘಾಶೀರಾಮ ಕೋತ್ವಾಲ’ವನ್ನು ಜಬ್ಬಾರ್ ಪಟೇಲರು ನಿರ್ದೇಶಿಸಿದರು, ಭಾಸ್ಕರ ಚಂದಾವರ್ಕರರು ಸಂಗೀತವನ್ನು ಸಂಯೋಜಿಸಿದರು, ಮೋಹನ ಆಗಾಶೆಯವರು ಪೇಶ್ವೆಯರ ಮಂತ್ರಿ ನಾನಾ ಫಡ್ನವೀಸನಾದರು. ಘಾಶೀರಾಮನೆಂಬ ಉತ್ತರದೇಶದ ಬ್ರಾಹ್ಮಣನು ನಾನಾನ ಕಾಲದಲ್ಲಿ ಪುಣೆಯ ಕೋತ್ವಾಲನಾಗಿದ್ದು, ದಕ್ಷಿಣದಿಂದ ಬಂದಿದ್ದ ತೈಲಂಗ ಬ್ರಾಹ್ಮಣರನ್ನು ಇಕ್ಕಟ್ಟಾದ ಕೋಣೆಯಲ್ಲಿ ಕೂಡಿಹಾಕಿ, ಅವರಲ್ಲಿ ಹಲವರು ಉಸಿರುಕಟ್ಟಿ ಸತ್ತಾಗ ರೊಚ್ಚಿಗೆದ್ದ ಜನರ ಕೈಗೆ 1791ರಲ್ಲಿ ಒಪ್ಪಿಸಲ್ಪಟ್ಟು ಕಲ್ಲೇಟಿಗೆ ಸತ್ತುದು ನಡೆದ ಘಟನೆ. ತೆಂಡೂಲ್ಕರರು ಇದಕ್ಕೆ ತಮ್ಮದೊಂದು ಕಥೆಯನ್ನು ಕೂಡಿಸಿದರು: ಅಪಮಾನಿತನಾದ ಘಾಶೀರಾಮನು ತನ್ನ ಮಗಳು ಗೌರಿಯನ್ನು ನಾನಾನಿಗೆ ಒಪ್ಪಿಸಿ ಅದಕ್ಕೆ ಪ್ರತಿಯಾಗಿ ಕೋತ್ವಾಲಿಕೆಯನ್ನು ಪಡೆಯುತ್ತಾನೆ. ಸಾಲುಗಟ್ಟಿ ನಿಂತ ಬ್ರಾಹ್ಮಣರೇ ಮನುಷ್ಯರ ತೆರೆಯಾಗುತ್ತಾರೆ; ಬೆನ್ನು ತಿರುಗಿಸಿದರೆ ಗೋಡೆ, ಮುಖ ತಿರುಗಿಸಿದರೆ ಸಾಕ್ಷಿ. ಭಜನೆ, ಲಾವಣಿ, ಕೀರ್ತನೆಗಳು ಒಂದರೊಳಗೊಂದು ಕರಗಿ, ದೇವರ ನಾಮವೂ ಬಾವನಖಾನಿಯ ಸೂಳೆಗೇರಿಯ ಪಲುಕೂ ಒಂದೇ ತಾಳಕ್ಕೆ ಸಲ್ಲುವ ಆ ರಚನೆಯಲ್ಲಿ, ಕೇಡು ಒಬ್ಬನ ಎದೆಯೊಳಗೆ ಕುಳಿತಿಲ್ಲ, ನಗರವೆಲ್ಲ ಸೇರಿ ಅದನ್ನು ಹೊತ್ತು ಕುಣಿಯುತ್ತಿದೆ ಎಂಬುದು ಕಣ್ಣಿಗೂ ಕಿವಿಗೂ ಮನವರಿಕೆಯಾಗುತ್ತದೆ.

ನಾನಾನಿಗೂ ಬ್ರಾಹ್ಮಣ ಸಮುದಾಯಕ್ಕೂ ಅವಮಾನವಾಯಿತೆಂಬ ಕೂಗು ಎದ್ದು, ಹತ್ತೊಂಬತ್ತು ಪ್ರಯೋಗಗಳಾದ ಮೇಲೆ ಮೂಲ ಸಂಸ್ಥೆಯು ನಾಟಕವನ್ನು ನಿಲ್ಲಿಸಿತು. ಕಲಾವಿದರು ಹೊರಬಂದು ಥಿಯೇಟರ್ ಅಕಾಡೆಮಿಯನ್ನು ಕಟ್ಟಿ 1974ರಲ್ಲಿ ಅದನ್ನು ಮತ್ತೆ ಆಡಿದರು. ಚರಿತ್ರೆಯ ದೃಷ್ಟಿಯಿಂದ ವಿರೋಧಿಗಳ ಮಾತಿನಲ್ಲಿ ತಥ್ಯವಿಲ್ಲದೆ ಇಲ್ಲ: ರಘುನಾಥರಾಯನ ವಿರುದ್ಧ ಬಾರಾಭಾಯಿಗಳೆಂಬ ಮುತ್ಸದ್ದಿಗಳ ಕೂಟವನ್ನು ಕಟ್ಟಿ, ಕೊಲೆಯಾದ ನಾರಾಯಣರಾಯನ, ಇನ್ನೂ ತಾಯ ಗರ್ಭದಲ್ಲಿದ್ದ ಶಿಶುವಿನ ಹೆಸರಿನಲ್ಲಿ ರಾಜ್ಯವನ್ನು ಉಳಿಸಿದ ನಾನಾ ಬರಿಯ ಕಾಮುಕನಲ್ಲ. ಆದರೆ ಅಧಿಕಾರವು ತನಗೆ ಬೇಕಾದಾಗ ಕ್ರೌರ್ಯವನ್ನು ಸಾಕಿ, ಬೇಡವಾದಾಗ ಅದನ್ನೇ ಜನರಿಗೆ ಬಲಿಗೊಟ್ಟು ತಾನು ನಿರ್ಮಲವಾಗಿ ಉಳಿಯುವ ಯಂತ್ರವನ್ನು ಇಷ್ಟು ನಿಚ್ಚಳವಾಗಿ ತೋರಿದ ನಾಟಕವು, ಕಾರ್ನಾಡರ ‘ತುಘಲಕ್’ ಒಂದನ್ನು ಬಿಟ್ಟರೆ, ನಮ್ಮ ಎರಡು ಭಾಷೆಗಳಲ್ಲಿಯೂ ಬೇರೊಂದಿಲ್ಲವೆಂದು ನಾನು ನಂಬುತ್ತೇನೆ. ಇದರ ಕೊರತೆ ಇರುವುದು ವಿರೋಧಿಗಳು ಬೆರಳು ತೋರಿದ ಕಡೆಯಲ್ಲಲ್ಲ, ಗೌರಿಯಲ್ಲಿ. ಖಾಡಿಲ್ಕರರಲ್ಲಿ ಹೆಣ್ಣು ಪಾಪದ ಲೇಖನಿಯಾದರೆ ತೆಂಡೂಲ್ಕರರಲ್ಲಿ ಅವಳು ವ್ಯಾಪಾರದ ನಾಣ್ಯ. ಅವಳು ನರ್ತಿಸುತ್ತಾಳೆ, ಮಾರಾಟವಾಗುತ್ತಾಳೆ, ಸಾಯುತ್ತಾಳೆ; ತನಗಾದುದನ್ನು ತಾನೇ ನುಡಿಯುವ ಅವಕಾಶ ಅವಳಿಗಿಲ್ಲ.

ದೂರದರ್ಶನವು ಈ ಎರಡು ಕವಲುಗಳಲ್ಲಿ ಯಾವುದನ್ನೂ ಹಿಡಿಯದೆ ಮೂರನೆಯದೊಂದನ್ನು ಹಿಡಿಯಿತು. ಪುಣೆಯ ಪ್ರಭಾತ್ ಸಂಸ್ಥೆಯ 1944ರ ‘ರಾಮಶಾಸ್ತ್ರಿ’ ಚಿತ್ರದಲ್ಲಿ ಶಾಸ್ತ್ರಿಯ ಪಾತ್ರವನ್ನು ವಹಿಸಿದ್ದ ಗಜಾನನ ಜಾಗೀರ್ದಾರರೇ ನಾಲ್ಕು ದಶಕಗಳ ತರುವಾಯ ರಣಜಿತ್ ದೇಸಾಯಿಯವರ 1962ರ ಕಾದಂಬರಿ ‘ಸ್ವಾಮಿ’ಯನ್ನು ಧಾರಾವಾಹಿಯಾಗಿ ನಿರ್ದೇಶಿಸಿದರು. ನ್ಯಾಯಾಧೀಶನಿಂದ ಆರಂಭವಾದ ಪಯಣ ಆದರ್ಶ ದಂಪತಿಗಳಲ್ಲಿಗೆ ಬಂದು ಸೇರಿತು. ಮಾಧವರಾಯ ಮತ್ತು ರಮಾಬಾಯಿಯರ ಕೋಮಲ ದಾಂಪತ್ಯ, ಆಕೆಯ ಸಹಗಮನ, ಇವು ಮರಾಠಿ ಮನೆಮನೆಗಳನ್ನು ತೋಯಿಸಿದವು. ಅದರ ಸಂಯಮವನ್ನು ನಾನು ಗೌರವಿಸುತ್ತೇನೆ. ಆದರೂ ಹರೆಯದ ವಿಧವೆಯೊಬ್ಬಳು ಚಿತೆಯೇರುವುದನ್ನು ಪ್ರೇಮದ ಪೂರ್ಣಾಹುತಿಯೆಂದು ನೋಡಲು ನಮ್ಮನ್ನು ಪಳಗಿಸುವ ಸೌಂದರ್ಯ ಅಪಾಯದ ಸೌಂದರ್ಯ. ಬಳಿಕ ಬಂದ ಧಾರಾವಾಹಿಗಳಲ್ಲಿ, 2019ರ ‘ಸ್ವಾಮಿನಿ’ಯನ್ನೂ ಸೇರಿಸಿ, ಆ ಸಂಯಮವೂ ಉಳಿಯಲಿಲ್ಲ. ರಾಜಕಾರಣವು ಅತ್ತೆ ಗೋಪಿಕಾಬಾಯಿಯ ಸಿಡುಕಿಗೆ ಇಳಿಯಿತು. ನತ್ತು, ನವ್ವಾರಿ ಸೀರೆ, ಪಗಡಿಗಳು ಪಾತ್ರಗಳನ್ನು ಮೀರಿ ಹೊಳೆದವು.

2011ರಲ್ಲಿ ಬೋರ್ಜಿಯಾ ಮನೆತನವನ್ನು ಕುರಿತು ಬೇರೆ ಬೇರೆ ಎರಡು ಧಾರಾವಾಹಿಗಳು ಪಶ್ಚಿಮದಲ್ಲಿ ಬಂದವು. ನೀಲ್ ಜೋರ್ಡಾನರು ರಚಿಸಿ ಜೆರೆಮಿ ಐರನ್ಸರು ಪೋಪನಾಗಿ ನಟಿಸಿದುದು ಮೂರು ಸರಣಿ ನಡೆದು 2013ರಲ್ಲಿ ನಿಂತಿತು. ಅಣ್ಣತಂಗಿಯರ ಅಗಮ್ಯ ಸಂಬಂಧದ ವದಂತಿಯನ್ನು ಕೊನೆಗೆ ನಡೆದ ಸಂಗತಿಯನ್ನಾಗಿಯೇ ತೋರಿದ ಅದರ ಚಾಪಲ್ಯವು ಕ್ಷಮೆಗೆ ಅರ್ಹವಲ್ಲ. ಆದರೆ ಪೋಪ್ ಪದವಿಯ ಚುನಾವಣೆಯಲ್ಲಿ ಮತಗಳನ್ನು ಹೇಗೆ ಕೊಳ್ಳಲಾಯಿತೆಂಬುದನ್ನು ಅದು ಮೊದಲ ಕಂತಿನಲ್ಲಿಯೇ ಮರೆಮಾಚದೆ ತೋರಿತು, ಲುಕ್ರೇಜಿಯಾಳಿಗೆ ಬುದ್ಧಿಯನ್ನೂ ಮಾತನ್ನೂ ಕೊಟ್ಟಿತು. ರೋಮಿನ ಗುರುಪೀಠವನ್ನು ಹಾಗೆ ನೋಡಲು ಅಂಜದ ಕಾಲದಲ್ಲಿ ನಾವು ಶನಿವಾರವಾಡೆಯನ್ನು ಕೈಮುಗಿದುಕೊಂಡೇ ನೋಡುತ್ತಿದ್ದೇವೆ.

ಸಾಮಗ್ರಿಯ ಕೊರತೆ ಪುಣೆಗೆ ಇಲ್ಲ. ರಾಜವಾಡೆಯವರು 1910ರಲ್ಲಿ ಕಟ್ಟಿದ ಭಾರತ ಇತಿಹಾಸ ಸಂಶೋಧಕ ಮಂಡಳ ಅಲ್ಲಿದೆ. ಗೋವಿಂದ ಸಖಾರಾಮ ಸರ್ದೇಸಾಯಿಯವರು ನಲವತ್ತೈದು ಸಂಪುಟಗಳಲ್ಲಿ ಆಯ್ದು ಪ್ರಕಟಿಸಿದ ಪೇಶ್ವೆ ದಫ್ತರವೂ ಅಲ್ಲಿದೆ. ಆ ಮೋಡಿ ಲಿಪಿಯ ಕಟ್ಟುಗಳಿಗೂ ನಾಟಕಮಂದಿರಗಳಿಗೂ ನಡುವಣ ದಾರಿ ಬಹು ದೊಡ್ಡದಲ್ಲ. ಬರೆಯಬಲ್ಲ ತರುಣರು, ತರುಣಿಯರು ಆ ದಾರಿಯಲ್ಲಿ ನಡೆದು, ಆನಂದೀಬಾಯಿಯ ಕಣ್ಣಿನಿಂದ ಆ ಭಾದ್ರಪದದ ಹಗಲನ್ನೂ ಅನಂತರದ ವರ್ಷಗಳನ್ನೂ ಒಮ್ಮೆ ನೋಡಲಿ ಎಂಬುದೇ ನನ್ನ ಬಿನ್ನಹ. ಕೊಲೆಯ ಬಳಿಕ ಅವಳು ಗಂಡನ ಅಲೆದಾಟದ ನಡುವೆ, 1775ರ ಜನವರಿಯಲ್ಲಿ, ಧಾರಾನಗರದ ಕೋಟೆಯಲ್ಲಿ ಒಂದು ಗಂಡುಮಗುವನ್ನು ಹೆತ್ತಳು. ಗಂಡನು 1783ರಲ್ಲಿ ಕೋಪರ್ಗಾಂವಿನಲ್ಲಿ ಸತ್ತನು, ಅವಳು 1794ರಲ್ಲಿ ತೀರಿಕೊಂಡಳು. ಎರಡು ವರ್ಷಗಳ ತರುವಾಯ ಆ ಮಗನೇ ಎರಡನೆಯ ಬಾಜೀರಾಯನೆಂಬ ಹೆಸರಿನಿಂದ ಶನಿವಾರವಾಡೆಯ ಗಾದಿಯನ್ನೇರಿದನು.