ಚೋಮನ ದುಡಿ, ಸಾಕವ್ವನ ನುಡಿ

ಸಾಹಿತ್ಯವು ಮನುಷ್ಯನನ್ನು ಮನುಷ್ಯನ ಬಳಿಗೆ ಕರೆತರುತ್ತದೆಂಬ ಮಾತು ಸಭೆ ಸಮಾರಂಭಗಳಲ್ಲಿ ಎಷ್ಟು ಸಲ ಕೇಳಿಬಂದಿದೆಯೆಂದರೆ, ಅದನ್ನು ಪರೀಕ್ಷಿಸಿ ನೋಡಬೇಕೆಂಬುದೇ ಮರೆತುಹೋದಂತಿದೆ. ಕಾದಂಬರಿಯೊಂದನ್ನು ಓದಿ ಕಣ್ಣೀರಿಟ್ಟವನು, ಆ ಕಣ್ಣೀರು ಯಾರಿಗಾಗಿ ಹರಿಯಿತೋ ಅವರನ್ನು ನಿಜವಾಗಿಯೂ ಅರಿತನೇ? ಅಥವಾ ತನ್ನ ಹೃದಯ ಮೃದುವಾದುದೆಂಬ ಸಮಾಧಾನವನ್ನಷ್ಟೇ ಪಡೆದನೇ? ಈ ಪ್ರಶ್ನೆಯನ್ನು ಕನ್ನಡದಲ್ಲಿ ಎತ್ತುವುದಕ್ಕೆ ಶಿವರಾಮ ಕಾರಂತರ ‘ಚೋಮನ ದುಡಿ’ಗಿಂತ ತಕ್ಕ ಕೃತಿ ದೊರೆಯುವುದು ಕಷ್ಟ. 1933ರಲ್ಲಿ ಪ್ರಕಟವಾದ ಈ ಕಿರುಕಾದಂಬರಿಯು ತಲೆಮಾರುಗಳ ಓದುಗರ ಕರುಣೆಯನ್ನು ಗಳಿಸಿದೆ. ಆ ಕರುಣೆಯ ಸ್ವರೂಪವೆಂತಹುದೆಂಬುದು ಮಾತ್ರ ಸಾಕಷ್ಟು ಚರ್ಚೆಗೆ ಬಂದಿಲ್ಲ.

ಭಾರತೀಯ ಕಾವ್ಯಮೀಮಾಂಸೆಯು ಓದುಗನಿಗೆ ‘ಸಹೃದಯ’ನೆಂಬ ದೊಡ್ಡ ಹೆಸರನ್ನು ಕೊಟ್ಟಿದೆ. ಭಟ್ಟನಾಯಕನು ‘ಸಾಧಾರಣೀಕರಣ’ವೆಂಬ ತತ್ತ್ವವನ್ನು ಮುಂದಿಟ್ಟನು. ರಂಗದ ಮೇಲಿನ ರಾಮನ ಶೋಕವು ರಾಮನೊಬ್ಬನದಾಗಿ ಉಳಿಯದೆ, ದೇಶಕಾಲಗಳ ಕಟ್ಟು ಸಡಿಲಿ, ನೋಡುವವರೆಲ್ಲರ ಅನುಭವಕ್ಕೆ ಒದಗುತ್ತದೆಂಬುದು ಅದರ ತಿರುಳು. ಅಭಿನವಗುಪ್ತನು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಎಣಿಸುವಾಗ, ನೋಡುವವನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದನ್ನೂ ಒಂದು ವಿಘ್ನವೆಂದೇ ಬಗೆದನು. ಇದು ಬಹಳ ಸೂಕ್ಷ್ಮವಾದ ಮಾತು. ಅನ್ಯರ ಕಥೆಯನ್ನು ಓದುತ್ತಿರುವೆನೆಂದುಕೊಂಡು ತನ್ನ ಕಥೆಯನ್ನೇ ಓದಿಕೊಳ್ಳುವವರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಆದರೆ ಈ ತತ್ತ್ವಗಳು ಚೋಮನ ವಿಷಯದಲ್ಲಿ ಎಷ್ಟರಮಟ್ಟಿಗೆ ಸಲ್ಲುತ್ತವೆ? ರಾಮನ ಶೋಕ ಸಾಧಾರಣವಾದರೆ ರಾಮನಿಗೆ ನಷ್ಟವಿಲ್ಲ. ಚೋಮನ ಶೋಕ ಸಾಧಾರಣವಾಗಿಬಿಟ್ಟರೆ, ಅದು ‘ಮಾನವಜೀವನದ ದುರಂತ’ವೆಂಬ ಸಾಮಾನ್ಯ ಮಾತಾಗಿ ಕರಗಿದರೆ, ಅವನ ಸಂಕಟದ ಕಾರಣವೇ ಮರೆಯಾಗುತ್ತದೆ. ಅವನ ದುಃಖವು ಮನುಷ್ಯಮಾತ್ರರ ದುಃಖವಲ್ಲ. ಅಸ್ಪೃಶ್ಯನೆಂಬ ಕಾರಣಕ್ಕಾಗಿ ಗೇಣಿಯ ಭೂಮಿಯನ್ನೂ ಪಡೆಯಲಾರದ ಒಬ್ಬ ಆಳಿನ ದುಃಖ.

ಚೋಮನಿಗಿರುವುದು ಒಂದೇ ಆಸೆ: ಒಂದಿಷ್ಟು ಭೂಮಿಯನ್ನು ತಾನೇ ಉಳಬೇಕು. ಸಾಕಿ ಬೆಳೆಸಿದ ಎತ್ತಿನ ಜೋಡಿ ಅವನ ಬಳಿಯಿದೆ, ಉಳುವುದಕ್ಕೆ ನೆಲವಿಲ್ಲ. ಕಾಫಿತೋಟದ ಸಾಲವೆಂಬ ಹಗ್ಗವು ಮನೆಯವರನ್ನು ಒಬ್ಬೊಬ್ಬರನ್ನಾಗಿ ಎಳೆದುಕೊಳ್ಳುತ್ತದೆ. ಒಬ್ಬ ಮಗ ಜ್ವರಕ್ಕೆ ತುತ್ತಾಗುತ್ತಾನೆ, ಇನ್ನೊಬ್ಬ ಕ್ರೈಸ್ತನಾಗಿ ದೂರವಾಗುತ್ತಾನೆ, ಮತ್ತೊಬ್ಬನು ಹೊಳೆಯಲ್ಲಿ ಮುಳುಗುವಾಗ ಅವನನ್ನು ಮುಟ್ಟಲಾರದೆ ಮೇಲುಜಾತಿಯವರು ನೋಡುತ್ತ ನಿಲ್ಲುತ್ತಾರೆ. ಕಥೆಯನ್ನು ಇಷ್ಟು ಹೇಳಿದರೆ ಅದು ಕಣ್ಣೀರಿಗೆಂದೇ ಜೋಡಿಸಿದ ಘಟನೆಗಳ ಸರಮಾಲೆಯಂತೆ ತೋರಬಹುದು. ಕಾರಂತರ ದೊಡ್ಡಸ್ತಿಕೆಯಿರುವುದು ಈ ಘಟನೆಗಳಲ್ಲಲ್ಲ.

ಅದು ಒಂದು ನಿರ್ಬಂಧದಲ್ಲಿದೆ. ಚೋಮನು ತುಳುನಾಡಿನವನು, ಅವನ ಮನೆಮಾತು ತುಳು. ಅವನ ಕಥೆಯನ್ನು ಬರೆದವರು 1902ರಲ್ಲಿ ಕೋಟದಲ್ಲಿ ಹುಟ್ಟಿದ, ಕನ್ನಡ ಮನೆಮಾತಿನ ಬ್ರಾಹ್ಮಣರು. ಕಾದಂಬರಿಯಲ್ಲಿ ಚೋಮನಾಡುವ ಪ್ರತಿಯೊಂದು ಮಾತೂ ಹೀಗೆ ಒಂದು ಭಾಷಾಂತರವೇ ಆಗಿದೆ. ಈ ಸಂಗತಿಯನ್ನು ವಿಮರ್ಶಕರು ಎಷ್ಟು ಗಮನಿಸಬೇಕಾಗಿತ್ತೋ ಅಷ್ಟು ಗಮನಿಸಿಲ್ಲ. ಜಾತಿಯ ದೂರ, ಭಾಷೆಯ ದೂರ, ಅಕ್ಷರದ ದೂರ, ಈ ಮೂರೂ ಲೇಖಕರಿಗೂ ಪಾತ್ರಕ್ಕೂ ನಡುವೆ ಇದ್ದವು. ಸಾಮಾನ್ಯ ಲೇಖಕನಾಗಿದ್ದರೆ ಚೋಮನ ಅಂತರಂಗಕ್ಕೆ ನುಗ್ಗಿ, ಅವನ ಬಾಯಿಂದ ಪುಟಗಟ್ಟಲೆ ಆತ್ಮನಿವೇದನೆ ಮಾಡಿಸಿ, ದೂರವೇ ಇಲ್ಲವೆಂಬ ಭ್ರಮೆಯನ್ನು ಹುಟ್ಟಿಸುತ್ತಿದ್ದನು. ಕಾರಂತರು ಹಾಗೆ ಮಾಡದೆ ಚೋಮನ ಕೈಗೆ ದುಡಿಯನ್ನು ಕೊಟ್ಟರು. ಸಂತೋಷವಾದಾಗಲೂ ದುಡಿ, ಸಂಕಟವಾದಾಗಲೂ ದುಡಿ. ಅದು ಏನನ್ನು ಹೇಳುತ್ತದೆಂಬುದನ್ನು ಅವರು ಕನ್ನಡಕ್ಕೆ ತರ್ಜುಮೆ ಮಾಡಲು ಹೋಗುವುದಿಲ್ಲ. ಓದುಗನಿಗೆ ದುಡಿಯ ಸದ್ದು ಕೇಳಿಸುತ್ತದೆ, ಅರ್ಥ ಪೂರ್ತಿಯಾಗಿ ಕೈಗೆ ಸಿಗುವುದಿಲ್ಲ. ಈ ಸಿಗದಿರುವಿಕೆಯೇ ಚೋಮನಿಗೆ ಕಾರಂತರು ಸಲ್ಲಿಸಿದ ಗೌರವ.

ಮತಾಂತರದ ಪ್ರಸಂಗವನ್ನು ನೋಡಬೇಕು. ಕ್ರೈಸ್ತನಾದರೆ ಭೂಮಿ ದೊರೆತೀತೆಂದು ಚೋಮ ಹೊರಡುತ್ತಾನೆ. ದಾರಿಯಲ್ಲಿ ಪಂಜುರ್ಲಿಯ ನೆನಪು ಕಾಡಿ ಹಿಂದಿರುಗುತ್ತಾನೆ. ಸುಧಾರಕ ಮನೋಭಾವದ ಓದುಗನಿಗೆ ಇದು ಮೌಢ್ಯವೆನಿಸುತ್ತದೆ, ಸಂಪ್ರದಾಯಸ್ಥನಿಗೆ ಸ್ವಧರ್ಮನಿಷ್ಠೆಯೆನಿಸುತ್ತದೆ. ಇಬ್ಬರೂ ಚೋಮನನ್ನು ತಮ್ಮ ತಮ್ಮ ಮನೆಗೆ ಎಳೆದುಕೊಳ್ಳುವವರೇ. ಕಾದಂಬರಿಯು ಯಾವ ತೀರ್ಪನ್ನೂ ಕೊಡದೆ ಅವನೊಡನೆ ಗುಡಿಸಲಿಗೆ ಮರಳುತ್ತದೆ. ಒಡೆಯ ಸಂಕಪ್ಪಯ್ಯನ ಚಿತ್ರಣದಲ್ಲಿಯೂ ಇದೇ ಸಂಯಮವಿದೆ. ಆತ ಕ್ರೂರಿಯಲ್ಲ. ಚೋಮನಿಗೆ ನೆಲ ಕೊಡಬಹುದೆಂಬ ಕಡೆಗೆ ಅವನ ಮನಸ್ಸು ವಾಲುತ್ತದೆ, ತಾಯಿಯ ಮಾತು ಅಡ್ಡ ಬರುತ್ತದೆ, ಅಷ್ಟಕ್ಕೆ ಮುಗಿಯಿತು. ಕರುಣೆಯುಳ್ಳವನಾಗಿಯೂ ಏನನ್ನೂ ಮಾಡದೆ ಉಳಿದವನು ಅವನು. ಕಾದಂಬರಿಯಲ್ಲಿ ಓದುಗನ ಪ್ರತಿಬಿಂಬವಿರುವುದಾದರೆ ಅದು ಚೋಮನಲ್ಲಲ್ಲ, ಸಂಕಪ್ಪಯ್ಯನಲ್ಲಿ. ಕಣ್ಣೀರಿಟ್ಟು ಪುಸ್ತಕವನ್ನು ಮುಚ್ಚುವವರು ಈ ಹೋಲಿಕೆಯನ್ನು ಇಷ್ಟಪಡಲಾರರು.

ಆದರೆ ಕೃತಿಯ ಮಿತಿಯನ್ನೂ ಹೇಳಲೇಬೇಕು. ಮಗಳು ಬೆಳ್ಳಿಗೆ ದುಡಿಯಿಲ್ಲ. ಮನೆಯ ಸಾಲವನ್ನು ತೀರಿಸಲು ತೋಟಕ್ಕೆ ಹೋಗಿ, ಅಲ್ಲಿ ಮನ್ವೇಲನ ಕೈಗೆ ಸಿಕ್ಕಿದವಳು ಅವಳು. ಕೊನೆಯಲ್ಲಿ ಕಾದಂಬರಿಯು ತನ್ನ ಎಲ್ಲ ಶಕ್ತಿಯನ್ನೂ ಕ್ರೋಢೀಕರಿಸುವುದು ಆ ದೃಶ್ಯವನ್ನು ಕಂಡ ತಂದೆಯ ಎದೆಯೊಡಕಿಗೆ. ಎತ್ತುಗಳನ್ನು ಕಾಡಿಗೆ ಅಟ್ಟಿ, ನೇಗಿಲನ್ನು ಮುರಿದು, ದುಡಿಯನ್ನು ಬಾರಿಸುತ್ತ ಸಾಯುವ ಚೋಮನ ಚಿತ್ರವು ಮರೆಯಲಾರದಂತಹುದು. ಆ ರಾತ್ರಿ ಬೆಳ್ಳಿಯ ಎದೆಯಲ್ಲಿ ಏನಿತ್ತೆಂಬುದಕ್ಕೆ ಮಾತೂ ಇಲ್ಲ, ವಾದ್ಯವೂ ಇಲ್ಲ. ಚೋಮನ ಮೌನ ಲೇಖಕರು ಗೌರವದಿಂದ ಕಾಯ್ದುಕೊಂಡದ್ದು; ಬೆಳ್ಳಿಯ ಮೌನ ಲೇಖಕರ ಗಮನ ಹರಿಯದೆ ಉಳಿದದ್ದು. ಎರಡೂ ಒಂದೇ ಅಲ್ಲ. 1975ರಲ್ಲಿ ಬಿ. ವಿ. ಕಾರಂತರು ಇದನ್ನು ಚಲನಚಿತ್ರವಾಗಿಸಿದರು. ಅದಕ್ಕೆ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಸಂದಿತು. ವಾಸುದೇವರಾಯರ ಚೋಮನನ್ನು ಕಂಡವರಿಗೆ ಆ ಮುಖ ಮರೆಯದು. ಆದರೆ ಚಿತ್ರದಲ್ಲಿ ದುಡಿ ಕಿವಿಗೇ ಕೇಳಿಸಿಬಿಡುತ್ತದೆ. ಮುದ್ರಿತ ಪುಟದ ಮೂಕ ದುಡಿಯನ್ನು ಕಲ್ಪಿಸಿಕೊಳ್ಳಬೇಕಾದ ಶ್ರಮ ಪ್ರೇಕ್ಷಕನಿಗಿಲ್ಲ.

ಚೋಮನು ಓದುಗನ ಕನ್ನಡಕ್ಕೆ ಬಂದನು. ಓದುಗನೇ ಅನ್ಯರ ಕನ್ನಡಕ್ಕೆ ಹೋಗಬೇಕಾದ ಕಾಲ ಬಂದದ್ದು ದೇವನೂರ ಮಹಾದೇವರಿಂದ. 1970ರ ದಶಕದ ಕೊನೆಯ ಭಾಗದಲ್ಲಿ ಬಂದ ‘ಒಡಲಾಳ’ದ ಸಾಕವ್ವನು ಮೈಸೂರು ಸೀಮೆಯ ದಲಿತಕೇರಿಯ ನುಡಿಯನ್ನು ಆಡುತ್ತಾಳೆ, ಅದನ್ನು ಶಿಷ್ಟಗೊಳಿಸುವ ಗೋಜಿಗೆ ಲೇಖಕರು ಹೋಗುವುದಿಲ್ಲ. ಧಾರವಾಡದ ಕಡೆಯವನಿಗೂ ಮಂಗಳೂರಿನ ಕಡೆಯವನಿಗೂ ಮೊದಲ ಪುಟಗಳು ಎಡವುವ ಹಾದಿಯೇ. ಕನ್ನಡಿಗನೆಂಬ ಅಭಿಮಾನವಿದ್ದವನಿಗೆ ಕನ್ನಡವೇ ಅರ್ಥವಾಗದಂತಾಗುವುದು ಒಂದು ಬಗೆಯ ಮುಖಭಂಗ. ಆ ಮುಖಭಂಗ ಆರೋಗ್ಯಕರವಾದುದು. ತಾನು ಈವರೆಗೆ ‘ಕನ್ನಡ’ವೆಂದು ಕರೆದುದು ಯಾರ ಕನ್ನಡವೆಂಬ ಪ್ರಶ್ನೆ ಅಲ್ಲಿಯೇ ಹುಟ್ಟುತ್ತದೆ.

ಭಾಷೆಗಿಂತ ಮಿಗಿಲಾದ ಇನ್ನೊಂದು ಸಂಗತಿಯಿದೆ: ಸಾಕವ್ವನು ಓದುಗನ ಕರುಣೆಯನ್ನು ಕೇಳುವುದೇ ಇಲ್ಲ. ಅವಳಿಗೆ ಬೇಕಾದುದು ಕಳೆದುಹೋದ ಹುಂಜ. ಅದಕ್ಕಾಗಿ ಅವಳು ಊರನ್ನೇ ಶಪಿಸಬಲ್ಲಳು, ಮಕ್ಕಳು ಸೊಸೆಯರೊಡನೆ ಜಗಳವಾಡಬಲ್ಲಳು. ಸಾಹುಕಾರ ಎತ್ತಪ್ಪನ ಕಡಲೆಕಾಯಿಯ ಮೂಟೆ ಮನೆಗೆ ಬಂದ ರಾತ್ರಿ, ಇಡೀ ಸಂಸಾರ ಸುತ್ತ ಕುಳಿತು ಅದನ್ನು ತಿಂದು ಮುಗಿಸುವ ಭಾಗವು ಕನ್ನಡ ಗದ್ಯದ ಶ್ರೇಷ್ಠ ಪುಟಗಳಲ್ಲೊಂದು. ಅಲ್ಲಿರುವುದು ಹಸಿವೆಂಬುದು ನಿಜ. ಆದರೆ ಅಲ್ಲಿ ನಗೆಯಿದೆ, ಕೀಟಲೆಯಿದೆ, ಹಬ್ಬದ ಸಡಗರವಿದೆ. ಪೊಲೀಸರು ಬಂದು ಹುಡುಕುವ ಗುಡಿಸಲಿನ ಗೋಡೆಯ ಮೇಲೆ ನವಿಲಿನ ಚಿತ್ರವೂ ಇದೆ. ದುಃಖಿಗಳು ಸದಾ ದುಃಖಿಗಳಾಗಿಯೇ ಇರಬೇಕೆಂದು ಬಯಸುವ ಸಹೃದಯನಿಗೆ ಇಲ್ಲಿ ದಿಕ್ಕು ತಪ್ಪುತ್ತದೆ. ಅಳಲು ಸಿದ್ಧನಾಗಿ ಬಂದವನು ನಗಬೇಕಾಗುತ್ತದೆ. ನಕ್ಕ ಬಳಿಕ, ತಾನು ನಕ್ಕುದು ಯಾವ ಹಕ್ಕಿನಿಂದ ಎಂದು ಯೋಚಿಸಬೇಕಾಗುತ್ತದೆ. ಕಳವು ಯಾರದು, ಕಡಲೆಕಾಯಿಯನ್ನು ಬೆಳೆದ ದುಡಿಮೆ ಯಾರದು ಎಂಬ ವಿಚಾರವನ್ನು ಕೃತಿಯು ಬೋಧಿಸದೆಯೇ ಎಬ್ಬಿಸುತ್ತದೆ.

ಇಂತಹ ನುಡಿಯಿಂದ ಓದುಗರ ಸಂಖ್ಯೆ ಕಡಮೆಯಾಗುವುದೆಂಬ ಆಕ್ಷೇಪವುಂಟು. ಅರ್ಥವಾಗದ ಪುಸ್ತಕವು ಯಾರನ್ನು ಯಾರಿಗೆ ಹತ್ತಿರ ತಂದೀತು ಎಂದು ಕೇಳುವವರಿದ್ದಾರೆ. ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ, ಕೈಬಿಟ್ಟವರು ನಿಜವಾಗಿಯೂ ಇದ್ದಾರೆ. ಆದರೆ ಹೊರನಾಡಿನ ಕನ್ನಡಿಗನು ಈ ಆಕ್ಷೇಪವನ್ನು ಎತ್ತುವುದು ಸೋಜಿಗವೇ ಸರಿ. ನೆರೆಮನೆಯವರ ಭಾಷೆಯನ್ನು ಅರ್ಧ ತಿಳಿದು, ಇನ್ನರ್ಧವನ್ನು ಮುಖಭಾವದಿಂದ, ದನಿಯ ಏರಿಳಿತದಿಂದ ಊಹಿಸಿಕೊಂಡು ಬಾಳುವುದು ಅವನಿಗೆ ನಿತ್ಯದ ಅಭ್ಯಾಸ. ಮಾಟುಂಗದ ಮಾರುಕಟ್ಟೆಯಲ್ಲಿ ಬೆಳಗಿನ ಹೊತ್ತು ಅವನು ತೋರುವ ತಾಳ್ಮೆಯನ್ನು ಸಾಕವ್ವನ ಮುಂದೆ ಅರ್ಧ ಗಂಟೆ ತೋರಿದರೆ ಸಾಕು.

ಮುಂಬಯಿಯ ಮಾತು ಬಂದುದರಿಂದ ಜಯಂತ ಕಾಯ್ಕಿಣಿಯವರ ಕಥೆಗಳನ್ನು ನೆನೆಯುವುದು ಸಹಜ. ಗೋಕರ್ಣದಲ್ಲಿ ಹುಟ್ಟಿ ಬಹುಕಾಲ ಈ ನಗರದಲ್ಲಿ ನೆಲಸಿದ್ದ ಅವರ ಕಥೆಗಳಲ್ಲಿ, ಮರಾಠಿಯಲ್ಲೋ ಹಿಂದಿಯಲ್ಲೋ ಬದುಕುವ ಜನ ಕನ್ನಡದಲ್ಲಿ ಮಾತನಾಡುತ್ತಾರೆ. ಚೋಮನ ಸಮಸ್ಯೆಯೇ ಇಲ್ಲಿ ಮರಳಿ ಬಂದಿದೆ. ವ್ಯತ್ಯಾಸವೆಂದರೆ ಮುಂಬಯಿಯ ಓದುಗನು ದಗಡೂ ಪರಬನ ಮಾತನ್ನು ಮನಸ್ಸಿನಲ್ಲಿಯೇ ಮರಾಠಿಗೆ ಹಿಂದಿರುಗಿಸಬಲ್ಲನು. ಕೆಲವು ವಾಕ್ಯಗಳು ಸಲೀಸಾಗಿ ಹಿಂದಿರುಗುತ್ತವೆ, ಕೆಲವು ಒಲ್ಲೆನೆನ್ನುತ್ತವೆ. ಒಲ್ಲದ ಕಡೆಗಳಲ್ಲಿ ಕೇಳಿಸುವುದು ಪಾತ್ರದ ದನಿಯಲ್ಲ, ಕಥೆಗಾರನ ಕವಿದನಿ. ಕಾಯ್ಕಿಣಿಯವರ ಕನ್ನಡ ಒಮ್ಮೊಮ್ಮೆ ಅತಿ ಸೊಗಸಾಗುವುದರಿಂದ, ಬಗೆಬಗೆಯ ಬಡವರೆಲ್ಲರೂ ಒಬ್ಬನೇ ಕವಿಯ ಕಣ್ಣಿನಿಂದ ನಗರವನ್ನು ನೋಡುವಂತೆ ತೋರುತ್ತದೆ. ‘ದಗಡೂ ಪರಬನ ಅಶ್ವಮೇಧ’ ಈ ದೋಷದಿಂದ ಬಹುಮಟ್ಟಿಗೆ ಪಾರಾಗಿದೆ. ಮದುವಣಿಗನನ್ನು ಹೊತ್ತ ಕುದುರೆ ಮೆರವಣಿಗೆಯನ್ನು ಬಿಟ್ಟು ಓಡತೊಡಗಿದ ಮೇಲೆ ಅವನ ಮೇಲೆ ಹಿಡಿತವಿರುವುದು ಕುದುರೆಗೆ. ಸೊಗಸಾದ ಮಾತಿಗೆ ಅಲ್ಲಿ ಬಿಡುವಿಲ್ಲ.